ದಾಯಾದಿಯ ಮನೆಗೆ ಬನ್ನಿ

ನಮ್ಮಪ್ಪ ಮತ್ತು ಕಾಕಾ ಒಂಬತ್ತು ವರ್ಷ ಮಾತು ಬಿಟ್ಟಿದ್ದರು. ಕಾರಣ ಒಂದು ಬದು. ಜೇವರ್ಗಿ ತಾಲ್ಲೂಕಿನ ಭೀಮಾ ದಂಡೆಯ ನಮ್ಮೂರಲ್ಲಿ ಇಬ್ಬರ ಹೊಲದ ನಡುವಿನ ಆ ಬದುವನ್ನು ಯಾರೋ ಎರಡು ಸಾಲು ಒತ್ತಿ ಗಳೆ ಹೊಡೆದಿದ್ದರು. ಯಾರು ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. ಏಳನೆಯ ವರ್ಷ ಅವರ ಅವ್ವ, ನಮ್ಮ ಆಯಿ, ತೀರಿಕೊಂಡಳು. ಅವಳ ಮಣ್ಣಿನ ದಿನವೂ ಅಣ್ಣ ಕುಣಿಯ ಆಚೆ, ತಮ್ಮ ಈಚೆ ನಿಂತಿದ್ದರು.

ಹತ್ತನೆಯ ದಸರಾದ ಸಂಜೆ ಕಾಕಾ ನಮ್ಮ ಹೊಸ್ತಿಲ ಮುಂದೆ ಬಂದು ನಿಂತರು. ಅಪ್ಪನ ಕೈಯಲ್ಲಿ ಎಲೆ ಇಟ್ಟು, ಕಾಲು ಮುಟ್ಟಿ, "ಬನ್ನಿ ತಗೊ ಅಣ್ಣಾ, ಬಂಗಾರದಂಗ ಇರಮು" ಅಂದರು. ಅಪ್ಪ ಬಹಳ ಹೊತ್ತು ಎಲೆಯನ್ನೇ ನೋಡಿದರು. ಆಮೇಲೆ, "ಅವ್ವ ಇದ್ದಾಗ ಬರಬೇಕಿತ್ತಲ್ಲೋ ತಮ್ಮಾ" ಅಂದರು. "ನೀನೂ ಬರಬಹುದಿತ್ತು" ಅಂದರು ಕಾಕಾ. ಇಬ್ಬರೂ ಅತ್ತರು. ತಪ್ಪಾಯಿತು ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ. ನಮ್ಮವ್ವ ತಂಬಿಗೆಯಲ್ಲಿ ನೀರು ತಂದಿಟ್ಟಳು.

ಆ ಸಂಜೆಯಿಂದ ನನಗೆ ಬನ್ನಿಯ ಹಿಂದುಮುಂದು ತಿಳಿಯುವ ಹಂಬಲ. ಪಾಂಡವರು ಅಜ್ಞಾತವಾಸಕ್ಕೆ ಹೋಗುವಾಗ ವಿರಾಟನಗರದ ಹೊರಗಿನ ಶಮೀವೃಕ್ಷದಲ್ಲಿ, ಅಂದರೆ ಬನ್ನಿಗಿಡದಲ್ಲಿ, ಆಯುಧ ಬಚ್ಚಿಟ್ಟ ಕತೆ ಎಲ್ಲರಿಗೂ ಗೊತ್ತು. ಅವಧಿ ಮುಗಿಯುತ್ತಲೇ ಅರ್ಜುನ ಉತ್ತರಕುಮಾರನನ್ನು ಗಿಡ ಹತ್ತಿಸಿ ಅವನ್ನು ಇಳಿಸಿಕೊಂಡ. ಇಳಿಸಿಕೊಂಡದ್ದು ಯಾರ ಮೇಲೆ? ಹಸು ಹೊಡೆದುಕೊಂಡು ಹೋಗಲು ಬಂದ ಕೌರವರ ಮೇಲೆ, ಸ್ವಂತ ದಾಯಾದಿಗಳ ಮೇಲೆ. ಮಹಾಭಾರತವೆಂಬುದೇ ಅಣ್ಣತಮ್ಮರ ಮಕ್ಕಳ ಹೊಲದ ಜಗಳವಲ್ಲವೇ? ಅರಸರಿಗೂ ದಸರಾ ದಂಡಿನ ಹಬ್ಬವೇ ಆಗಿತ್ತು. ಮಳೆಗಾಲ ಮುಗಿದು ಹೊಳೆ ಇಳಿದಾಗ ಸೀಮೆ ದಾಟಿ ದಂಡೆತ್ತಿ ಹೋಗುವ ಕಾಲ ಅದು. 1520ರ ಸುಮಾರಿಗೆ ವಿಜಯನಗರದ ಮಹಾನವಮಿ ಕಂಡ ಪೋರ್ಚುಗೀಸ್ ಪ್ರವಾಸಿ ಪಾಯಸ್ ಹಬ್ಬದ ಬೆನ್ನಿಗೇ ನಡೆದ ಸೈನ್ಯದ ತಪಾಸಣೆಯನ್ನು ಬೆರಗಿನಿಂದ ಬರೆದಿದ್ದಾನೆ.

ಆಯುಧ ಇಳಿಸಿದ ಆ ಗಿಡದಿಂದ ನಮ್ಮ ರೈತರು ಎಲೆ ಇಳಿಸಿಕೊಂಡು ದಾಯಾದಿಯ ಮನೆಗೆ ನಡೆದರು. ಅರಸರ ಹಬ್ಬವನ್ನು ಒಕ್ಕಲಿಗ ತಿರುವಿ ಹಾಕಿದ್ದು ಹೀಗೆ ಎಂದು ನಾನು ನಂಬಿದ್ದೇನೆ. ಅದಕ್ಕೆ ಹೊಲದ ಕಾರಣವೂ ಉಂಟು. ನಮ್ಮದು ಎರೆಭೂಮಿ. ಹಿಂಗಾರಿ ಬಿಳಿಜೋಳ ಬಿತ್ತುವುದು ದಸರಾದ ಹಿಂದುಮುಂದೆಯೇ. ಹಸಿ ಆರುವುದರೊಳಗೆ ಕೂರಿಗೆ ಹೂಡಬೇಕು, ಒಬ್ಬರ ಎತ್ತು ಇನ್ನೊಬ್ಬರಿಗೆ ಬೇಕು. ಬದುವಿನ ಜಗಳ ಹುಟ್ಟುವುದೂ ಆಗಲೇ. ಬನ್ನಿ ಕೊಟ್ಟವರು ಮುಂದೆ ಎಳ್ಳ ಅಮಾಸಿಗೆ ಬದು ದಾಟಿ ಬಂದು ಸಜ್ಜಿರೊಟ್ಟಿ, ಭಜ್ಜಿ ಹಂಚಿಕೊಂಡು ಉಣ್ಣುತ್ತಾರೆ. ಆ ವರ್ಷ ಕಾಕಾನ ಮನೆಯವರು ಹಾಗೆಯೇ ಬಂದು ಉಂಡರು.

ಆಳಂದ ತಾಲ್ಲೂಕಿಗೆ ಕೊಟ್ಟ ನನ್ನ ಅಕ್ಕನ ಊರಿನಿಂದ ಮಹಾರಾಷ್ಟ್ರದ ಗಡಿ ದೂರವಿಲ್ಲ. ಅಕ್ಕಲಕೋಟೆ ಕಡೆಯ ಮರಾಠಿಗರು ಬನ್ನಿಯ ಬದಲು ಆಪ್ಟಾ ಎಲೆ ಕೊಟ್ಟು 'ಸೋನಂ ಘ್ಯಾ', ಅಂದರೆ ಬಂಗಾರ ತಗೊಳ್ಳಿ, ಅನ್ನುತ್ತಾರೆ. ರಾಜ್ಯಗಳು ಬೇರೆ ಬೇರೆ. ಬೀಗರು ಬೇರೆಯಾಗಲಿಲ್ಲ, ಎರಡೂ ಎಲೆ ಗಡಿ ದಾಟಿ ಓಡಾಡುತ್ತವೆ.

ಕ್ಷಮೆಯ ಮಾತು ಬಂದರೆ 1948 ಬಿಟ್ಟು ಹೇಳಲಾರೆ. ಹೈದರಾಬಾದಿನ ನಿಜಾಮನ ಪರ ನಿಂತ ರಜಾಕಾರರ ಹಾವಳಿಗೆ ಹೆದರಿ ನಮ್ಮ ಜನ ಸೊಲ್ಲಾಪುರದ ಕಡೆ ಓಡಿಹೋಗಿದ್ದರು. ಸೆಪ್ಟೆಂಬರ್ 13ರಿಂದ 17ರವರೆಗೆ ಭಾರತದ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮ ಶರಣಾದ. ಆ ಬಳಿಕ ಸೇಡು ಮುಸ್ಲಿಂ ನೆರೆಯವರ ಮೇಲೆ ತಿರುಗಿತು. ಭಾರತ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಹೆಚ್ಚು ಹಾನಿಯಾಯಿತೆಂದು ಹೆಸರಿಸಿದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲಬರ್ಗಾ, ಇಂದಿನ ಕಲಬುರಗಿ, ಒಂದು.

ಅಫಜಲಪುರ ತಾಲ್ಲೂಕಿನಲ್ಲಿದ್ದ ನನ್ನ ತಾಯಿಯ ಅಪ್ಪ, ನಮ್ಮ ಮುತ್ಯಾ, ಆ ವರ್ಷದ ದಸರಾಕ್ಕೆ ಬನ್ನಿ ಹಿಡಿದು ತನ್ನ ಜೊತೆ ಗಳೆ ಕಟ್ಟುತ್ತಿದ್ದ ಮುಸ್ಲಿಂ ಗೆಳೆಯನ ಮನೆಗೆ ಹೋದ. ಬಾಗಿಲು ತೆರೆಯಲಿಲ್ಲ. ಗೆಳೆಯನ ತಮ್ಮನನ್ನು ಊರವರೇ ಕೊಂದಿದ್ದರು. ಮುತ್ಯಾ ಕೊಂದವರ ಗುಂಪಿನಲ್ಲಿ ಇರಲಿಲ್ಲ, ತಡೆದವರಲ್ಲೂ ಇರಲಿಲ್ಲ. ಎಲೆಯನ್ನು ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ಬಂದ. ಮರುವರ್ಷ ಹೋದ, ಅದರ ಮರುವರ್ಷವೂ ಹೋದ. ನಾಲ್ಕನೆಯ ದಸರಾಕ್ಕೆ ಆ ಗೆಳೆಯನೇ ಬನ್ನಿಗಿಡದ ಬುಡಕ್ಕೆ ಬಂದು ಕೈ ಚಾಚಿದ. ಈ ಕತೆ ಹೇಳುವಾಗ ಮುತ್ಯಾ ಪ್ರತಿಸಲ "ನಾ ಅಡ್ಡ ನಿಲ್ಲಬೇಕಿತ್ತು" ಅನ್ನುತ್ತಿದ್ದ. ಗೆಳೆಯ ಕೈ ಚಾಚಿದ ಮೇಲೂ ಆ ಕೊರಗು ಸಾಯುವತನಕ ಅವನಲ್ಲಿ ಉಳಿಯಿತು.

ಈಗ ಬದುವಿನ ಬನ್ನಿಗಿಡಗಳನ್ನು ಕಡಿದು ಹಾಕಿದ್ದಾರೆ. ಕಲಬುರಗಿಯ ಪೇಟೆಯಲ್ಲಿ ಎಲೆ ಕಟ್ಟು ಕಟ್ಟಾಗಿ ಮಾರಾಟಕ್ಕೆ ಬರುತ್ತದೆ. ಪುಣೆ, ಮುಂಬಯಿಗೆ ದುಡಿಯಲು ಹೋದ ಹುಡುಗರು ಮೊಬೈಲಿನಲ್ಲಿ ಬನ್ನಿಯ ಚಿತ್ರ ಕಳಿಸುತ್ತಾರೆ. ದೂರ ಇರುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಒಂದೇ ಓಣಿಯಲ್ಲಿದ್ದೂ ಚಿತ್ರ ಕಳಿಸಿ ಸುಮ್ಮನಾಗುವವರಿಗೆ ಕೈಮುಗಿದು ಕೇಳುತ್ತೇನೆ: ಮಾತು ಬಿಟ್ಟ ಅಣ್ಣನೋ ತಮ್ಮನೋ ಇದ್ದರೆ ಈ ದಸರಾಕ್ಕೆ ಎಲೆ ಹಿಡಿದು ನೀವೇ ಹೋಗಿ. ನಿಮ್ಮ ಅವ್ವ ಇನ್ನೂ ಇದ್ದರೆ, ಅವಳನ್ನು ಮುಂದೆ ಮಾಡಿಕೊಂಡು ಹೋಗಿ.