ಕಲಬುರಗಿಯ ಸುತ್ತಣ ಐದು ಊರುಗಳು: ಮನೆ-ನಿವೇಶನಗಳ ಬೆಲೆಯ ಚಾರಿತ್ರಿಕ ವಿಚಾರ

ಊರುಗಳ ಚರಿತ್ರೆಯನ್ನು ಬರೆಯುವವರು ಕೋಟೆ, ದೇವಾಲಯ, ಶಾಸನ, ರಾಜವಂಶ ಇವುಗಳನ್ನು ವಿಚಾರಿಸುವಷ್ಟು ಆಸ್ಥೆಯಿಂದ ಜನರು ಬಾಳಿ ಬದುಕಿದ ಮನೆಗಳನ್ನು ವಿಚಾರಿಸುವುದಿಲ್ಲ. ಮನೆಯ ನೆಲಕ್ಕೆ ಯಾವಾಗ, ಯಾವ ಕಾರಣದಿಂದ ಬೆಲೆ ಬಂದಿತು, ಯಾವ ಕಾರಣದಿಂದ ಅದು ಕುಗ್ಗಿತು ಎಂಬ ಪ್ರಶ್ನೆಯನ್ನು ವರ್ತಕರಿಗೆ ಬಿಟ್ಟುಕೊಡುವುದು ನಮ್ಮಲ್ಲಿ ವಾಡಿಕೆಯಾಗಿದೆ. ಆದರೆ ಒಂದು ಊರಿನಲ್ಲಿ ನೆಲೆಸುವುದಕ್ಕೆ ಜನರು ಎಷ್ಟು ಕೊಡಲು ಸಿದ್ಧರಿದ್ದರೆಂಬುದು ಆ ಊರಿನ ಭವಿಷ್ಯದಲ್ಲಿ ಅವರಿಗಿದ್ದ ನಂಬಿಕೆಯ ಅಳತೆಯೇ ಆಗಿದೆ. ಪ್ರಕೃತ ಲೇಖನದಲ್ಲಿ ಕಲಬುರಗಿಯ ಆಗ್ನೇಯದಿಂದ ಈಶಾನ್ಯದವರೆಗೆ ಹರಡಿರುವ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಎಂಬ ಐದು ಊರುಗಳನ್ನು ಈ ದೃಷ್ಟಿಯಿಂದ ಹೋಲಿಸಿ ನೋಡಲಾಗಿದೆ.

ದೊಡ್ಡ ನಗರಕ್ಕೆ ಸಮೀಪವಾದಷ್ಟೂ ನಿವೇಶನದ ಬೆಲೆ ಹೆಚ್ಚು, ದೂರವಾದಷ್ಟೂ ಕಡಮೆ ಎಂಬುದು ಸಾಮಾನ್ಯವಾದ ನಂಬಿಕೆ. ಈ ಐದರಲ್ಲಿ ಕಲಬುರಗಿಗೆ ಅತಿ ಸಮೀಪವಾದುದು ಶಹಾಬಾದ, ಅತಿ ದೂರವಾದುದು ಚಿಂಚೋಳಿ. ಈ ನಂಬಿಕೆಯೊಂದೇ ಸಾಕಾಗಿದ್ದರೆ ನಕ್ಷೆಯನ್ನು ನೋಡಿಯೇ ಬೆಲೆಯನ್ನು ಹೇಳಬಹುದಾಗಿತ್ತು. ಚರಿತ್ರೆ ಅದಕ್ಕೆ ಎಡೆಗೊಡುವುದಿಲ್ಲ.

೧. ಅಳತೆಯ ತೊಡಕು

ಮೊದಲು ಅಳತೆಯನ್ನು ಕುರಿತು ಒಂದು ಮಾತು. ಶಾಸನಗಳಲ್ಲಿ ಮನೆಗಳ ನಿವೇಶನಗಳನ್ನು ದಾನಮಾಡಿದ ಉಲ್ಲೇಖಗಳೂ ‘ಮನೆವಣ’ವೆಂಬ ತೆರಿಗೆಯ ಉಲ್ಲೇಖಗಳೂ ದೊರೆಯುತ್ತವೆ, ಆಗಿನ ನಾಣ್ಯ ಗದ್ಯಾಣ, ಪಣ. ನಿಜಾಮರ ಆಳಿಕೆಯಲ್ಲಿ ವ್ಯವಹಾರವೆಲ್ಲ ‘ಹಾಲಿ ಸಿಕ್ಕಾ’ ರೂಪಾಯಿಗಳಲ್ಲಿ ನಡೆಯುತ್ತಿತ್ತು. ಅದರ ಮೌಲ್ಯ ಬ್ರಿಟಿಷ್ ಇಂಡಿಯದ ರೂಪಾಯಿಗಿಂತ ಕಡಮೆ. ಈಗಿನ ಪತ್ರಗಳಲ್ಲಿ ನಮೂದಾಗುವ ಮೊತ್ತಕ್ಕೆ ಸರಕಾರದ ಮಾರ್ಗಸೂಚಿ ಬೆಲೆ ಆಧಾರ. ಕೊಂಡವನು ಕೈಯಿಂದ ಕೊಟ್ಟ ಹಣ ಅದೇ ಆಗಿರಬೇಕೆಂಬ ನಿಯಮವಿಲ್ಲ. ಮನೆಯನ್ನು ಅಂಕಣಗಳಿಂದ ಎಣಿಸುವ ಹಳೆಯ ರೂಢಿಯೂ ಚದರಡಿಯ ಹೊಸ ರೂಢಿಯೂ ಒಂದಕ್ಕೊಂದು ಹೊಂದುವುದಿಲ್ಲ. ಆದುದರಿಂದ ಮೊತ್ತಗಳನ್ನು ಒಂದರ ಪಕ್ಕದಲ್ಲೊಂದು ಬರೆದು ಹೋಲಿಸುವುದು ನಿಷ್ಪ್ರಯೋಜಕ. ಆಯಾ ಊರಿನಲ್ಲಿ ನೆಲೆಸಬೇಕೆಂಬ ಆಸೆಗೆ ಕಾರಣವೇನಿತ್ತು, ಆ ಕಾರಣ ಎಷ್ಟು ಕಾಲ ಉಳಿಯಿತು ಎಂದು ಕೇಳುವುದೇ ಸರಿಯಾದ ಮಾರ್ಗ.

೨. ನಗರವೇ ಸ್ಥಳಾಂತರಗೊಂಡುದು

ಈಗ ನಾವು ಕಲಬುರಗಿಯನ್ನು ಕೇಂದ್ರವೆಂದು ಗ್ರಹಿಸುತ್ತೇವೆ. ಒಂಬತ್ತನೆಯ ಶತಮಾನದಲ್ಲಿ ಈ ಸೀಮೆಯ ಕೇಂದ್ರ ಸೇಡಂ ತಾಲ್ಲೂಕಿನ ಮಳಖೇಡ, ಎಂದರೆ ಅಮೋಘವರ್ಷ ನೃಪತುಂಗನ ಮಾನ್ಯಖೇಟ. ಅರಬ್ಬೀ ಲೇಖಕರು ‘ಮಾಂಕೀರ್’ ಎಂದು ಕರೆದ ರಾಜಧಾನಿ ಇದೇ. ಕ್ರಿ. ಶ. ೯೭೨ರಲ್ಲಿ ಪರಮಾರ ಸೀಯಕನು ಇದನ್ನು ಸೂರೆಗೊಂಡನು. ಮರುವರ್ಷ ರಾಷ್ಟ್ರಕೂಟರ ಪ್ರಭುತ್ವ ಚಾಲುಕ್ಯ ತೈಲಪನ ಕೈಸೇರಿತು. ಮುಂದೆ ಕಲ್ಯಾಣ ರಾಜಧಾನಿಯಾಯಿತು. ಕಾಗಿಣಾ ನದಿಯ ದಡದ ಮಹಾನಗರ ಹಳ್ಳಿಯಾಯಿತು. ಅರಮನೆಯನ್ನು ನಂಬಿದ ನೆಲದ ಬೆಲೆ ಅರಮನೆಯೊಡನೆಯೇ ಹೋಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ರಾಜಧಾನಿ ಹೋದ ಮೇಲೂ ಸುತ್ತಣ ಊರುಗಳು ಬರಿದಾಗಲಿಲ್ಲ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಘಟಿಕಾಸ್ಥಾನವಿದ್ದಿತು. ಕ್ರಿ. ಶ. ೧೦೫೮ರ ಶಾಸನದಿಂದ ಅಲ್ಲಿ ಇನ್ನೂರು ಮಂದಿ ವೇದಾಧ್ಯಾಯಿಗಳೂ, ಶಾಸ್ತ್ರ ಕಲಿಯುವ ಬೇರೆ ವಿದ್ಯಾರ್ಥಿಗಳೂ, ಉಪಾಧ್ಯಾಯರೂ, ಆರು ಮಂದಿ ಸರಸ್ವತೀಭಂಡಾರಿಗರೂ ಇದ್ದರೆಂದು ತಿಳಿದುಬರುತ್ತದೆ. ಇಷ್ಟು ಮಂದಿಗೆ ವಸತಿ ಬೇಕು, ಅನ್ನ ಬೇಕು. ಅವರನ್ನು ಆಶ್ರಯಿಸಿದ ಕಸುಬುದಾರರಿಗೂ ಮನೆ ಬೇಕು. ಸೇಡಂ ಆಗ ‘ಸೇಡಿಂಬ’ವೆಂಬ ಅಗ್ರಹಾರ, ಅಲ್ಲಿಯ ಮುನ್ನೂರ್ವರು ಮಹಾಜನರ ಹೆಸರು ಹನ್ನೆರಡನೆಯ ಶತಮಾನದ ಶಾಸನದಲ್ಲಿ ಬರುತ್ತದೆ. ಅಗ್ರಹಾರದಲ್ಲಿ ಮನೆಯೆಂಬುದು ನಾಲ್ಕು ಗೋಡೆಗಳಷ್ಟೇ ಅಲ್ಲ, ವೃತ್ತಿಯ ಪಾಲೂ ಹೌದು. ಹೀಗೆ ವಿದ್ಯೆ ಮತ್ತು ವೃತ್ತಿ ಇವೆರಡು ಅರಮನೆಯಿಲ್ಲದೆಯೂ ನಿವೇಶನಕ್ಕೆ ಮೌಲ್ಯವನ್ನು ಕೊಟ್ಟುವು. ಕ್ರಿ. ಶ. ೧೩೪೭ರಲ್ಲಿ ಕಲಬುರಗಿ ಬಹಮನಿ ರಾಜ್ಯದ ರಾಜಧಾನಿಯಾದ ಮೇಲೆಯೇ ಈ ಊರುಗಳು ಅದರ ‘ಸುತ್ತಣ’ ಊರುಗಳಾದುವು.

೩. ಉಗಿಬಂಡಿಯ ಹಾದಿ

ಎರಡನೆಯ ದೊಡ್ಡ ಬದಲಾವಣೆ ರೈಲಿನಿಂದಾಯಿತು. ಮುಂಬಯಿಯ ಕಡೆಯಿಂದ ಬಂದ ಹಾದಿ ೧೮೭೧ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಾದಿಯನ್ನು ಕೂಡಿತು. ೧೮೭೪ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುಹಾದಿ ತೆರೆಯಿತು. ವಾಡಿಯೆಂಬ ಹೆಸರಿಗೆ ಚಿಕ್ಕ ಕೊಪ್ಪಲೆಂದು ಅರ್ಥ. ಆ ಕೊಪ್ಪಲಿನಲ್ಲಿ ಎರಡು ಹಾದಿಗಳು ಕೂಡಿದುದರಿಂದಲೇ ಅದು ಊರಾಯಿತು. ಅದಕ್ಕೆ ಅರಸನೂ ಇಲ್ಲ, ಅಗ್ರಹಾರವೂ ಇಲ್ಲ. ಹೊಸ ಹಾದಿಯ ಮೇಲೆಯೇ ಚಿತ್ತಾಪುರ, ಸೇಡಂಗಳಿದ್ದುವು. ಹಳೆಯ ಹಾದಿಯ ಮೇಲೆ ಶಹಾಬಾದವಿತ್ತು. ಐದರಲ್ಲಿ ನಾಲ್ಕಕ್ಕೆ ನಿಲ್ದಾಣ ದೊರೆತು ಚಿಂಚೋಳಿಯೊಂದಕ್ಕೆ ದೊರೆಯಲಿಲ್ಲ. ನಿಲ್ದಾಣವಿದ್ದ ಊರಿನಲ್ಲಿ ಪೇಟೆ ಹಳೆಯ ಕೋಟೆಯ ಕಡೆಗೆ ಬೆಳೆಯದೆ ನಿಲ್ದಾಣದ ಕಡೆಗೆ ಬೆಳೆಯುವುದು ಸಹಜ. ಊರೊಳಗಿನ ಮಾಳಿಗೆಯ ಮನೆಗಿಂತ ಹಾದಿಯ ಬದಿಯ ಬಯಲಿಗೆ ಬೆಲೆ ಬರುವುದೂ ಸಹಜ.

೪. ಕಲ್ಲು ಮತ್ತು ಕಾರ್ಖಾನೆ

ಈ ಸೀಮೆಯ ವಿಶೇಷವೊಂದುಂಟು. ಇಲ್ಲಿಯ ನೆಲದ ಕೆಳಗೆ ಪದರಪದರವಾಗಿ ಸುಣ್ಣಗಲ್ಲಿದೆ. ಅದನ್ನು ಸೀಳಿ ತೆಗೆದ ಪರಸಿ ‘ಶಹಾಬಾದಿ ಕಲ್ಲು’ ಎಂಬ ಹೆಸರಿನಿಂದ ದೂರದೂರದ ನಗರಗಳ ಮನೆಗಳ ನೆಲವಾಯಿತು. ರೈಲಿಲ್ಲದಿದ್ದರೆ ಇಷ್ಟು ಭಾರವಾದ ಸರಕು ಹೊರಗೆ ಹೋಗುತ್ತಿರಲಿಲ್ಲವೆಂಬುದನ್ನು ನೆನೆಯಬೇಕು. ಅದೇ ಕಲ್ಲು ಸಿಮೆಂಟಿಗೂ ಮೂಲದ್ರವ್ಯ. ೧೯೩೬ರಲ್ಲಿ ಹತ್ತು ಕಂಪನಿಗಳು ಕೂಡಿ ಏ.ಸಿ.ಸಿ. ರಚಿತವಾದಾಗ ಶಹಾಬಾದ ಸಿಮೆಂಟ್ ಕಂಪನಿಯೂ ಅದರಲ್ಲಿ ಸೇರಿತ್ತು. ೧೯೬೦ರ ದಶಕದ ಕೊನೆಯಲ್ಲಿ ವಾಡಿಯಲ್ಲಿಯೂ ೧೯೮೦ರ ದಶಕದಲ್ಲಿ ಸೇಡಂ, ಮಳಖೇಡಗಳಲ್ಲಿಯೂ ಸಿಮೆಂಟ್ ಕಾರ್ಖಾನೆಗಳು ಎದ್ದುವು.

ಇದರಿಂದ ನೆಲಕ್ಕೆ ಎರಡು ಬಗೆಯ ಬೆಲೆಯಾಯಿತು: ಮೇಲಿನ ಬೆಲೆ, ಕೆಳಗಿನ ಬೆಲೆ. ಮನೆ ಕಟ್ಟುವವನು ಮೇಲಿನ ನೆಲವನ್ನು ನೋಡುತ್ತಾನೆ. ಗಣಿಯವನು ಕೆಳಗಿನ ಕಲ್ಲನ್ನು ನೋಡುತ್ತಾನೆ. ಗಣಿಯಾದ ನೆಲ ಮತ್ತೆ ನಿವೇಶನವಾಗುವುದು ಕಷ್ಟ. ಇನ್ನೊಂದು ಅಂಶವೂ ಗಮನಾರ್ಹ. ಕಾರ್ಖಾನೆಯವರು ತಮ್ಮ ನೌಕರರಿಗೆ ತಾವೇ ವಸತಿಗೃಹಗಳನ್ನು ಕಟ್ಟಿಕೊಟ್ಟರು. ಆ ಮನೆಗಳು ಮಾರಾಟಕ್ಕೆ ಬರುವುದಿಲ್ಲ. ದುಡಿಮೆ ಮುಗಿದ ದಿನ ಬಿಟ್ಟು ಹೋಗಬೇಕು. ವಾಡಿಯಂತಹ ಊರಿನಲ್ಲಿ ನೆಲದ ಬಹುಭಾಗ ರೈಲಿನವರದು, ಕಾರ್ಖಾನೆಯವರದು. ಉಳಿದ ಇಕ್ಕಟ್ಟಿನಲ್ಲಿ ಅಂಗಡಿಕಾರರೂ ಕೂಲಿಕಾರರೂ ಬಾಡಿಗೆಯ ಮನೆಗಾಗಿ ಪೈಪೋಟಿ ಮಾಡಬೇಕಾಗುತ್ತದೆ. ನಲವತ್ತು ವರ್ಷ ದುಡಿದವನಿಗೆ ತನ್ನದೆನ್ನುವ ಒಂದು ಅಂಕಣವೂ ಇಲ್ಲದೆ ಹೋಗುವ ಸಂಭವವನ್ನು ಬೆಲೆಯ ಪಟ್ಟಿ ತಿಳಿಸುವುದಿಲ್ಲ. ಶಹಾಬಾದದಲ್ಲಿ ಹಳೆಯ ಸಿಮೆಂಟ್ ಕಾರ್ಖಾನೆ ಮುಚ್ಚಿದ ಬಳಿಕ ನಗರದ ಸಾಮೀಪ್ಯವೊಂದೇ ಆ ನಷ್ಟವನ್ನು ತುಂಬಿಕೊಡಲಾರದೆ ಹೋಯಿತು. ಮಾನ್ಯಖೇಟಕ್ಕೆ ಅರಮನೆ ಹೇಗೋ ಶಹಾಬಾದಕ್ಕೆ ಕಾರ್ಖಾನೆ ಹಾಗೆ.

೫. ಚಿಂಚೋಳಿ

ಮುಲ್ಲಾಮಾರಿ ನದಿಯ ಸೀಮೆಯ ಚಿಂಚೋಳಿಯ ಕಥೆ ಬೇರೆ. ಅದಕ್ಕೆ ಅನುಕೂಲವಾದ ರೈಲುನಿಲ್ದಾಣ ತಾಂಡೂರಿನದು. ೧೯೫೬ರ ರಾಜ್ಯಪುನರ್ವಿಂಗಡಣೆಯಲ್ಲಿ ಕಲಬುರಗಿ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದುವು. ಉಳಿದುದು ಮೈಸೂರು ರಾಜ್ಯಕ್ಕೆ ಬಂದಿತು. ಚಿಂಚೋಳಿ ಗಡಿಯ ಊರಾಯಿತು. ಅದರ ನಿಲ್ದಾಣ ಪರರಾಜ್ಯದ ಪಾಲಾಯಿತು. ೨೦೧೧ರಲ್ಲಿ ಇಲ್ಲಿಯ ಕಾಡು ವನ್ಯಜೀವಿಧಾಮವೆಂದು ಘೋಷಿತವಾಯಿತು. ಕಾರ್ಖಾನೆಯ ಹುರುಪನ್ನು ಕಾಣದ ಈ ಊರು ಅದರ ಕುಸಿತವನ್ನೂ ಕಾಣಲಿಲ್ಲ. ನಿವೇಶನದ ಬೆಲೆ ಕಡಮೆಯೆಂಬುದರಿಂದಲೇ ವಾಸಯೋಗ್ಯತೆ ಕಡಮೆಯೆಂದು ಹೇಳಲಾಗದು. ನೀರು, ನೆರಳುಗಳಿಗೆ ಪತ್ರದಲ್ಲಿ ಬೆಲೆ ಬರೆಯುವ ರೂಢಿ ನಮ್ಮಲ್ಲಿಲ್ಲ.

೬. ಫಲಿತಾಂಶ

ಮೇಲ್ಕಂಡ ವಿವೇಚನೆಯಿಂದ ಮೂರು ಅಂಶಗಳು ಸಿದ್ಧವಾಗುತ್ತವೆ. ನಗರದ ಸಾಮೀಪ್ಯ ಬೆಲೆಗೆ ಒಂದು ಕಾರಣವೇ ಹೊರತು ಏಕಮಾತ್ರ ಕಾರಣವಲ್ಲ. ಒಂದೇ ಆಶ್ರಯವನ್ನು ನಂಬಿದ ಊರಿನ ಬೆಲೆ ಆ ಆಶ್ರಯದೊಡನೆ ಏಳುತ್ತದೆ, ಬೀಳುತ್ತದೆ. ಕಚೇರಿ, ಪೇಟೆ, ಬೇಸಾಯ, ಕೈಗಾರಿಕೆ ಇವುಗಳಲ್ಲಿ ಹಲವನ್ನು ಉಳಿಸಿಕೊಂಡ ಸೇಡಂ, ಚಿತ್ತಾಪುರಗಳಂತಹ ತಾಲ್ಲೂಕು ಸ್ಥಳಗಳ ಸ್ಥಿತಿ ಅಷ್ಟು ಚಂಚಲವಲ್ಲ. ಮೂರನೆಯದಾಗಿ, ಬಾಳುವವನಿಗೆ ಸ್ವಾಮ್ಯವಿಲ್ಲದ ಮನೆಗಳು ಎಷ್ಟೇ ಇದ್ದರೂ ಊರಿನಲ್ಲಿ ಬೇರು ಬಿಡುವುದು ಕಷ್ಟ.

೨೦೧೭ರಲ್ಲಿ ಬೀದರ-ಕಲಬುರಗಿ ರೈಲುಹಾದಿಯೂ ೨೦೧೯ರಲ್ಲಿ ಕಲಬುರಗಿಯ ವಿಮಾನನಿಲ್ದಾಣವೂ ತೆರೆದ ಮೇಲೆ ಈ ಸೀಮೆಯಲ್ಲಿ ಹೊಸ ಬಡಾವಣೆಗಳ ಮಾತು ಬಲವಾಗಿದೆ. ಹಳೆಯ ಕಲ್ಲುಮನೆಗಳು ಬಿಚ್ಚಿಹೋದಂತೆ ಅವುಗಳ ಅಟ್ಟಗಳಲ್ಲಿದ್ದ ಉರ್ದೂ, ಮೋಡಿ, ಕನ್ನಡ ಕ್ರಯಪತ್ರಗಳೂ ರದ್ದಿಗೆ ಹೋಗುತ್ತವೆ. ಶಿಲಾಶಾಸನಗಳ ನಕಲು ಮಾಡಿದಷ್ಟೇ ಶ್ರದ್ಧೆಯಿಂದ ಈ ಕಾಗದಗಳ ನಕಲನ್ನೂ ಆಯಾ ಊರಿನ ಉಪಾಧ್ಯಾಯರು ವಿದ್ಯಾರ್ಥಿಗಳ ನೆರವಿನಿಂದ ಮಾಡಿಸಿಡುವುದಾದರೆ, ಕನ್ನಡ ನಾಡಿನ ಮನೆಗಳ ಚರಿತ್ರೆಯನ್ನು ಮುಂದಿನವರು ಬರೆಯಬಲ್ಲರು. ಆ ಕಾಗದಗಳು ಹೋದರೆ ಶಾಸನ ಬರೆಸಿದವರ ಹೆಸರು ಮಾತ್ರ ಉಳಿದೀತು. ಪರಸಿ ಹಾಸಿ ಸಂಸಾರ ಹೂಡಿದವರ ಹೆಸರು ಉಳಿಯಲಾರದು.