ಹಾರಿ ಹೋದದ್ದು ಯಾರದು?

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ನೆನಪಾದದ್ದು ಒಂದು ಆಟಿಕೆ ವಿಮಾನ. ನಮ್ಮ ಬೋನಾಳ ಕೆರೆಯ ಕಥೆಯನ್ನು, ಸುರಪುರದ ನಾಯಕರ ಮತ್ತು ಮೆಡೋಸ್ ಟೇಲರ್ ಸಾಹೇಬರ ಕಾಲದ ಸಂಗತಿಗಳನ್ನು ಬಲ್ಲವರು ಬರೆದಿದ್ದಾರೆ. ಹಾರುವ ವಸ್ತುವಿನ ಮೇಲೆ ಒಡೆಯನ ಗುರುತು ಬರೆಯುವ ಪದ್ಧತಿ ಹೇಗೆ ಬೆಳೆಯಿತೆಂಬುದನ್ನು ನಾನು ಹೇಳುತ್ತೇನೆ.

ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ವಿಜ್ಞಾನದ ಸರ್ ಮಾದರಿ ವಿಮಾನದ ಪೈಪೋಟಿ ಇಟ್ಟಿದ್ದರು. ಜೋಳದ ದಂಟಿನ ಬೆಂಡು, ಬಿದಿರ ಕಡ್ಡಿ, ಗಾಳಿಪಟದ ಕಾಗದ, ಮೂಗಿನ ಭಾರಕ್ಕೆ ಎರೆಮಣ್ಣಿನ ಉಂಡೆ, ಇಷ್ಟೇ ಸಾಮಾನು. ಎಲ್ಲರ ವಿಮಾನವೂ ಒಂದೇ ತರಹ. ನಾನೂ ನನ್ನ ಗೆಳೆಯನೂ ಕೆರೆಯ ಒಡ್ಡಿನ ಮೇಲೆ ನಿಂತು ಒಟ್ಟಿಗೆ ಬಿಟ್ಟೆವು. ಒಂದು ನೀರಿಗೆ ಬಿತ್ತು. ಇನ್ನೊಂದು ಬಿಸಿಗಾಳಿಗೆ ಸಿಕ್ಕು, ಹಕ್ಕಿಯಂತೆ ಸುತ್ತುತ್ತ ಮೇಲೇರಿ ಕಾಣದಾಯಿತು. ಮರುದಿನ ಕುರಿ ಕಾಯುವ ಅಜ್ಜನೊಬ್ಬ ಅದನ್ನು ಶಾಲೆಗೆ ತಂದುಕೊಟ್ಟ. ‘ಯಾರದಪಾ ಇದು?’ ಎಂದು ಸರ್ ಕೇಳಿದಾಗ ಇಬ್ಬರೂ ‘ನಂದ್ರಿ ಸರ’ ಎಂದೆವು. ಸರ್ ತಿರುಗಿಸಿ ನೋಡಿ, ‘ಹೆಸರೇ ಬರದಿಲ್ಲಲ್ಲೋ ತಮ್ಮಾ’ ಎಂದರು. ನನ್ನ ದನಿ ದೊಡ್ಡದಿತ್ತು. ಬಹುಮಾನದ ಪೆನ್ನು ನನಗೆ ಬಂತು.

ಮಾದರಿ ವಿಮಾನ ಹಳೆಯ ಕಲೆ. 1871ರಲ್ಲಿ ಅಲ್ಫೋನ್ಸ್ ಪೆನೋ ಎಂಬ ಫ್ರೆಂಚ್ ತರುಣ ಪ್ಯಾರಿಸ್ಸಿನ ಉದ್ಯಾನವೊಂದರಲ್ಲಿ ರಬ್ಬರ್ ಎಳೆ ತಿರುಚಿ ಬಿಟ್ಟ ಮಾದರಿ 11 ಸೆಕೆಂಡುಗಳಲ್ಲಿ ಸುಮಾರು 40 ಮೀಟರ್ ಹಾರಿತು. ಅದು ಕಣ್ಣೆದುರಿಗೇ ಇಳಿಯಿತು, ಗುರುತಿನ ಅಗತ್ಯವಿರಲಿಲ್ಲ. ಮುಂದೆ ವೇಕ್‌ಫೀಲ್ಡ್ ಕಪ್‌ನಂಥ ಅಂತರರಾಷ್ಟ್ರೀಯ ಪಂದ್ಯಗಳು ಬಂದವು. ಇವುಗಳಲ್ಲಿ ಹೆಚ್ಚು ಹೊತ್ತು ಗಾಳಿಯಲ್ಲಿ ಇದ್ದದ್ದೇ ಗೆಲ್ಲುತ್ತದೆ. ಕೈಬಿಟ್ಟ ಮೇಲೆ ಒಡೆಯನ ಹಿಡಿತ ಇರುವುದಿಲ್ಲ. ಬಿಸಿಗಾಳಿಗೆ ಸಿಕ್ಕರೆ ಮೈಲಿಗಟ್ಟಲೆ ಹೋಗಿ ಯಾರದೋ ಹೊಲದಲ್ಲಿ ಬೀಳುತ್ತದೆ. ಸಿಕ್ಕವರು ಮರಳಿಸಬೇಕಾದರೆ ಅದರ ಮೇಲೆ ಗುರುತು ಇರಬೇಕು.

1905ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ವೈಮಾನಿಕ ಕ್ರೀಡಾ ಒಕ್ಕೂಟದ ನಿಯಮದಂತೆ ಇಂಥ ಪಂದ್ಯದ ಮಾದರಿಯ ಮೇಲೆ ದೇಶದ ಗುರುತಿನ ಅಕ್ಷರಗಳೂ ಸ್ಪರ್ಧಿಯ ಸಂಖ್ಯೆಯೂ ಇರಬೇಕು. ಅಕ್ಷರಗಳು ಕನಿಷ್ಠ 25 ಮಿಲಿಮೀಟರ್ ಎತ್ತರವಿರಬೇಕು. ಇದರಿಂದ ಎರಡು ಕೆಲಸ ಆಗುತ್ತವೆ. ಕಳೆದ ವಸ್ತು ಮನೆಗೆ ಬರುತ್ತದೆ. ತಪಾಸಣೆಗೆ ತೋರಿಸಿದ್ದೇ ಹಾರಿದ್ದು, ಒಬ್ಬನದನ್ನು ಇನ್ನೊಬ್ಬ ತನ್ನದೆನ್ನಲಿಲ್ಲ ಎಂಬುದಕ್ಕೆ ಸಾಕ್ಷಿಯೂ ಆಗುತ್ತದೆ.

ದೊಡ್ಡ ವಿಮಾನಗಳ ಕಥೆಯೂ ಇದೇ. 1919ರ ಪ್ಯಾರಿಸ್ ಒಪ್ಪಂದದಲ್ಲಿ ಪ್ರತಿ ವಿಮಾನಕ್ಕೂ ದೇಶದ ಗುರುತು ಕಡ್ಡಾಯವಾಯಿತು. 1927ರ ವಾಷಿಂಗ್ಟನ್ ರೇಡಿಯೋ ಸಮ್ಮೇಳನದ ನಂತರ ಭಾರತಕ್ಕೆ ‘ವಿಟಿ’ ಎಂಬ ಅಕ್ಷರಗಳು ಬಂದವು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಅಂಚೆ ತಂದ ಪುಸ್ ಮಾತ್ ವಿಮಾನದ ಮೇಲೆ ‘ವಿಟಿ-ಎಡಿಎನ್’ ಎಂದಿತ್ತು. ವಿಟಿ ಎಂದರೆ ‘ವೈಸರಾಯ್ಸ್ ಟೆರಿಟರಿ’ ಎಂದು ಹಲವರು ಹೇಳುವುದುಂಟು. ಅದು ರೇಡಿಯೋ ಕರೆಗಾಗಿ ಹಂಚಿಕೊಟ್ಟ ಅಕ್ಷರಗಳಲ್ಲಿ ನಮ್ಮ ಪಾಲಿಗೆ ಬಂದದ್ದು. ಸ್ವಾತಂತ್ರ್ಯದ ನಂತರವೂ ಅದೇ ಮುಂದುವರಿಯಿತು.

ನಮ್ಮ ಊರಿನ ಮಕ್ಕಳಿಗೆ ಹೆಚ್ಚು ಹತ್ತಿರದ ಉದಾಹರಣೆ ಹಕ್ಕಿಯ ಕಾಲುಂಗುರ. ಡೆನ್ಮಾರ್ಕಿನ ವಿಬೋರ್ ಪಟ್ಟಣದ ಶಾಲಾ ಶಿಕ್ಷಕ ಮಾರ್ಟೆನ್‌ಸನ್ 1899ರಲ್ಲಿ ಕಬ್ಬಕ್ಕಿಗಳ ಕಾಲಿಗೆ ಸಂಖ್ಯೆಯುಳ್ಳ ಅಲ್ಯುಮಿನಿಯಂ ಉಂಗುರ ತೊಡಿಸಿದರು. ನಮ್ಮಲ್ಲಿ ಸಲೀಂ ಅಲಿಯವರ ಮುಂದಾಳತನದಲ್ಲಿ ಮುಂಬಯಿಯ ನಿಸರ್ಗ ಇತಿಹಾಸ ಸಂಘ ಇದೇ ಕೆಲಸವನ್ನು ದೊಡ್ಡದಾಗಿ ಮಾಡಿತು. ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿದ ಪಟ್ಟೆ ತಲೆಯ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಹಕ್ಕಿಗೆ ಒಡೆಯನಿಲ್ಲ, ನಿಜ. ಆದರೆ ಆ ಗುರುತು ಓದಿ ತಿಳಿಸುವವನಿಂದಲೇ ಅದರ ದಾರಿ ತಿಳಿಯುವುದು. ಕೆರೆಯಂಗಳದಲ್ಲಿ ಉಂಗುರ ಸಿಕ್ಕರೆ ಮಕ್ಕಳು ಅದನ್ನು ಕೊರಳಿಗೆ ಕಟ್ಟಿಕೊಳ್ಳದೆ ಶಿಕ್ಷಕರಿಗೆ ತೋರಿಸಬೇಕು.

ಈಗ ಡ್ರೋನುಗಳ ಕಾಲ. 2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳು ನೋಂದಣಿ ಮಾಡಿಸಿ ವಿಶಿಷ್ಟ ಗುರುತಿನ ಸಂಖ್ಯೆ ಪಡೆಯಬೇಕೆನ್ನುತ್ತವೆ. 25 ಕಿಲೋ ಮೀರದ, ಕಲಿಕೆ ಅಥವಾ ಮನರಂಜನೆಗಾಗಿ ಕಣ್ಣಳತೆಯಲ್ಲೇ ಹಾರಿಸುವ ಮಾದರಿಗಳನ್ನು ಅದೇ ನಿಯಮಗಳು ಬೇರೆಯಾಗಿ ಹೆಸರಿಸಿವೆ. ಯಾವುದನ್ನು ಹಾರಿಸಿದರೂ, ಅದು ಬಿದ್ದಲ್ಲಿ ಉತ್ತರ ಕೊಡುವವನು ಯಾರೆಂದು ತಿಳಿಯಬೇಕು ಎಂಬುದೇ ಇದರ ತಿರುಳು.

ಇಷ್ಟು ಬರೆದ ಮೇಲೆ ನನ್ನ ಮಾತನ್ನೂ ಹೇಳಿಬಿಡಬೇಕು. ಅಜ್ಜ ತಂದ ಆ ವಿಮಾನದ ಬಾಲಕ್ಕೆ ಹಸಿರು ಕಾಗದವಿತ್ತು. ನಾನು ಅಂಟಿಸಿದ್ದು ಹಳದಿ. ಅದು ನನಗೆ ಅಂದೇ ಗೊತ್ತಿತ್ತು. ಗೆಳೆಯ ಮತ್ತೆ ಜಗಳವಾಡಲಿಲ್ಲ, ಆದರೆ ಆ ವರ್ಷ ನನ್ನ ಪಕ್ಕದಲ್ಲಿ ಕೂಡಲೂ ಇಲ್ಲ. ಪೆನ್ನಿನ ಮಸಿ ತೀರಿ ಎಷ್ಟೋ ವರ್ಷವಾದರೂ ಆ ಖಾಲಿ ಜಾಗ ಮನಸ್ಸಿನಿಂದ ಹೋಗಲಿಲ್ಲ.

ಈ ಲೇಖನ ಕಳಿಸುವ ಮುಂಚೆ ಅವನ ಮನೆಗೆ ಹೋಗಿ ಓದಿ ಹೇಳಿದೆ. ‘ನಿನ್ನ ಹೆಸರು ಹಾಕಲೇನು?’ ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬ್ಯಾಡ ಬಿಡೋ. ನಮ್ಮ ಸಾಲಿದು ಅಂತ ಬರಿ, ಸಾಕು’ ಎಂದ. ಹಾಗೆಯೇ ಬರೆದಿದ್ದೇನೆ. ಆದರೆ ಅದು ನನ್ನದಲ್ಲ, ಅವನದು. ಇದನ್ನೂ ಈ ಸಂಚಿಕೆಯಲ್ಲಿ ದಾಖಲಿಸುತ್ತಿದ್ದೇನೆ.