ಸ್ಪೇನಿನ ಕಡಲಂಚಿನಲ್ಲಿ ರಜಾಮನೆ ಕೊಳ್ಳುವ ಮುನ್ನ

ಮಾಲಗಾದಿಂದ ಅಲಿಕಾಂತೆವರೆಗಿನ ಮೆಡಿಟರೇನಿಯನ್ ಕರಾವಳಿಯಲ್ಲಿ ಬ್ರಿಟಿಷರು, ಜರ್ಮನರು, ಸ್ಕ್ಯಾಂಡಿನೇವಿಯದವರು ದಶಕಗಳಿಂದ ರಜಾಮನೆ ಕೊಳ್ಳುತ್ತ ಬಂದಿದ್ದಾರೆ. ಹೊರದೇಶದವರಿಗೆ ಮನೆ ಮಾರುವುದರಲ್ಲಿ ಇಲ್ಲಿನ ಪೇಟೆ ಪಳಗಿದೆ. ಹಾಗೆ ಕೊಂಡು ಕೈಸುಟ್ಟುಕೊಂಡವರೂ ಇಲ್ಲಿ ಬಹಳ ಮಂದಿ. ವಿದೇಶಿಯರು ಮನೆ ಕೊಳ್ಳಲು ಸ್ಪೇನಿನಲ್ಲಿ ಸಾಮಾನ್ಯವಾಗಿ ಅಡ್ಡಿಯಿಲ್ಲ. ಕಾರ್ತಹೇನಾ ಸುತ್ತಮುತ್ತ, ದ್ವೀಪಗಳು, ಜಿಬ್ರಾಲ್ಟರ್ ಜಲಸಂಧಿಯಂಥ ಕೆಲವೆಡೆ ಹಳ್ಳಿಗಾಡಿನ ಜಮೀನಿಗೆ ಮಾತ್ರ ಐರೋಪ್ಯ ಒಕ್ಕೂಟದ ಹೊರಗಿನವರು ಸೇನೆಯ ಅನುಮತಿ ಪಡೆಯಬೇಕು. ಕೊಳ್ಳುವುದು ಇಷ್ಟು ಸಲೀಸಾಗಿರುವುದರಿಂದಲೇ ಜನ ಎಡವುತ್ತಾರೆ. ಬಾಲ್ಕನಿಯಿಂದ ಕಾಣುವ ಸಮುದ್ರಕ್ಕಿಂತ ಮೊದಲು ನೋಡಬೇಕಾದದ್ದು ಕಾಗದಪತ್ರವನ್ನು.

ಮನೆ ಸ್ವಂತದ್ದು, ವಾಸ ತೊಂಬತ್ತೇ ದಿನ

ಐದು ಲಕ್ಷ ಯೂರೋ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯ ಆಸ್ತಿ ಕೊಂಡವರಿಗೆ ವಾಸದ ಪರವಾನಗಿ ಕೊಡುವ ‘ಗೋಲ್ಡನ್ ವೀಸಾ’ವನ್ನು ಸ್ಪೇನ್ 2013ರಲ್ಲಿ ಆರಂಭಿಸಿತ್ತು. 2025ರ ಏಪ್ರಿಲ್ 3ರಂದು ಅದು ನಿಂತುಹೋಯಿತು. ಈಗ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮದೇ ಮನೆಗೆ ಹೋಗಲೂ ಷೆಂಗೆನ್ ವೀಸಾ ಪಡೆಯಬೇಕು. ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ, ದಾರಿಯಲ್ಲಿ ಪ್ಯಾರಿಸ್‌ನಲ್ಲೋ ರೋಮ್‌ನಲ್ಲೋ ಕಳೆದ ದಿನಗಳೂ ಅದೇ ಲೆಕ್ಕಕ್ಕೆ ಸೇರುತ್ತವೆ. ನಿವೃತ್ತಿಯ ನಂತರ ವರ್ಷದ ಬಹುಪಾಲು ಅಲ್ಲೇ ಇರುವ ಆಸೆಯುಳ್ಳವರು ಬೇರೆ ಬಗೆಯ ವಾಸದ ವೀಸಾ ಸಿಗುತ್ತದೆಯೇ ಎಂದು ಖಚಿತಪಡಿಸಿಕೊಂಡೇ ಮುಂಗಡ ಕೊಡುವುದು ಕ್ಷೇಮ.

ಕಾಗದಪತ್ರದ ಪರಿಶೀಲನೆ

ಮೊದಲು ತೆಗೆಸಬೇಕಾದದ್ದು ‘ನೋಟಾ ಸಿಂಪ್ಲೆ’. ಇದು ಆಸ್ತಿ ನೋಂದಣಿ ಕಚೇರಿ ಕೊಡುವ ಒಂದೆರಡು ಪುಟದ ಪತ್ರ. ನಮ್ಮ ಇ.ಸಿ.ಯಂತೆ ಸಾಲ, ಅಡಮಾನ, ಜಪ್ತಿಗಳನ್ನು ತೋರಿಸುವುದಲ್ಲದೆ ಈಗಿನ ಮಾಲೀಕರು ಯಾರು ಎಂಬುದನ್ನೂ ಹೇಳುತ್ತದೆ. ಆನ್‌ಲೈನ್‌ನಲ್ಲಿ ಹತ್ತು ಯೂರೋ ಆಸುಪಾಸಿನಲ್ಲಿ ಸಿಗುತ್ತದೆ. ತೆರಿಗೆಗಾಗಿ ಇಟ್ಟ ‘ಕಾತಾಸ್ತ್ರೋ’ ದಾಖಲೆ ಬೇರೆಯೇ. ಎರಡರಲ್ಲೂ ಅಳತೆ ತಾಳೆಯಾಗಬೇಕು. ನೋಂದಣಿಯಲ್ಲಿ ಎರಡು ಕೋಣೆ, ಕಣ್ಣೆದುರಿಗೆ ನಾಲ್ಕು ಕೋಣೆ ಮತ್ತು ಈಜುಕೊಳ ಇದ್ದರೆ, ಉಳಿದದ್ದನ್ನು ಅನುಮತಿಯಿಲ್ಲದೆ ಕಟ್ಟಿರುವ ಸಾಧ್ಯತೆ ಹೆಚ್ಚು.

ಆಂಡಲೂಸಿಯಾದ ಹಳ್ಳಿಗಾಡಿನಲ್ಲಿ ಇಂಥ ಮನೆಗಳು ಸಾವಿರಾರು ಇವೆ. ಅಲ್ಮೆರಿಯಾ ಪ್ರಾಂತ್ಯದ ವೆರಾ ಊರಿನಲ್ಲಿ ನಿವೃತ್ತ ಬ್ರಿಟಿಷ್ ದಂಪತಿ ಪುರಸಭೆಯ ಪರವಾನಗಿ ಪಡೆದೇ ಮನೆ ಕಟ್ಟಿಸಿದ್ದರು. ಅಲ್ಲಿ ಮನೆ ಕಟ್ಟುವಂತಿಲ್ಲ ಎಂದು ಪ್ರಾದೇಶಿಕ ಸರ್ಕಾರ ಆ ಪರವಾನಗಿಯನ್ನೇ ನ್ಯಾಯಾಲಯದಲ್ಲಿ ಪ್ರಶ್ನಿಸಿತು. 2008ರ ಜನವರಿಯಲ್ಲಿ ಮನೆಯನ್ನು ನೆಲಸಮ ಮಾಡಲಾಯಿತು. ಉಳಿದ ಗ್ಯಾರೇಜಿನಲ್ಲೇ ಅವರು ವರ್ಷಗಟ್ಟಲೆ ಬದುಕಿದರು. ಪುರಸಭೆ ಕೊಟ್ಟ ಚೀಟಿಯೊಂದನ್ನೇ ನಂಬಿ ಕೂರಬಾರದು ಎಂಬುದಕ್ಕೆ ಇದಕ್ಕಿಂತ ಕಠೋರ ಪಾಠ ಬೇಕಿಲ್ಲ. ಜಾಗ ನಗರ ವಲಯದ್ದೋ ಕೃಷಿ ವಲಯದ್ದೋ, ವಾಸಯೋಗ್ಯ ಪರವಾನಗಿ ಇದೆಯೋ, ಕಡಲಂಚಿನ ಕಟ್ಟಡಗಳನ್ನು ನಿರ್ಬಂಧಿಸುವ 1988ರ ಕರಾವಳಿ ಕಾಯ್ದೆಯ ಗೆರೆಯೊಳಗೆ ಬರುತ್ತದೆಯೋ ಎಂಬುದನ್ನೆಲ್ಲ ವಕೀಲರೇ ಬರಹದಲ್ಲಿ ತಿಳಿಸಬೇಕು. ಆ ವಕೀಲರನ್ನು ಮಾರುವವರಾಗಲಿ ಏಜೆಂಟರಾಗಲಿ ಗೊತ್ತುಮಾಡಿಕೊಡುವಂತಿರಬಾರದು.

ಫ್ಲಾಟ್ ಆದರೆ ನಿವಾಸಿಗಳ ಸಂಘದ ಬಾಕಿಯನ್ನೂ ನೋಡಬೇಕು. ಹಿಂದಿನ ಮಾಲೀಕರು ಕಟ್ಟದೆ ಬಿಟ್ಟ ನಿರ್ವಹಣಾ ಶುಲ್ಕದಲ್ಲಿ ಚಾಲ್ತಿ ವರ್ಷದ ಮತ್ತು ಹಿಂದಿನ ಮೂರು ವರ್ಷಗಳ ಹೊರೆ ಆಸ್ತಿಯ ಮೇಲೆಯೇ ಉಳಿಯುತ್ತದೆ. ಬಾಕಿ ಇಲ್ಲವೆಂಬ ಪತ್ರವನ್ನು ಕ್ರಯದ ದಿನಕ್ಕೆ ಮೊದಲೇ ಕೇಳಿ ಪಡೆಯಿರಿ.

ಮುಂಗಡ ಮತ್ತು ನೋಟರಿ

ಬ್ಯಾಂಕ್ ಖಾತೆಗೂ ಕ್ರಯಕ್ಕೂ ಎನ್.ಐ.ಇ. ಎಂಬ ವಿದೇಶಿಯರ ಗುರುತಿನ ಸಂಖ್ಯೆ ಬೇಕು. ಮನೆ ಗೊತ್ತಾದ ಮೇಲೆ ‘ಆರಾಸ್’ ಕರಾರು ಮಾಡಿಕೊಂಡು ಸಾಮಾನ್ಯವಾಗಿ ಬೆಲೆಯ ಶೇ. 10ರಷ್ಟು ಮುಂಗಡ ಕೊಡುತ್ತಾರೆ. ಸ್ಪೇನಿನ ಸಿವಿಲ್ ಸಂಹಿತೆಯ 1454ನೇ ವಿಧಿಗೆ ಒಳಪಟ್ಟ ಕರಾರಾದರೆ, ಕೊಳ್ಳುವವರು ಹಿಂದೆ ಸರಿದಾಗ ಆ ಹಣ ಹೋಯಿತು; ಮಾರುವವರು ಸರಿದರೆ ಎರಡರಷ್ಟು ಹಿಂದಿರುಗಿಸಬೇಕು.

ಕ್ರಯಪತ್ರಕ್ಕೆ ಸಹಿ ಬೀಳುವುದು ನೋಟರಿಯ ಮುಂದೆ. ಅಲ್ಲಿನ ನೋಟರಿ ಸರ್ಕಾರ ನೇಮಿಸಿದ ಕಾನೂನು ಪಂಡಿತರು, ಪತ್ರ ಓದಿ ಹೇಳಿಯೇ ಸಹಿ ಹಾಕಿಸುತ್ತಾರೆ. ಆದರೆ ಅವರು ಎರಡೂ ಕಡೆಗೆ ಸಮಾನರು, ನಿಮ್ಮ ಪರವಾಗಿ ಕಟ್ಟಡದ ಅನುಮತಿಗಳ ಜಾಡು ಹಿಡಿದು ಹೋಗುವುದು ಅವರ ಕೆಲಸವಲ್ಲ. ಖುದ್ದಾಗಿ ಹೋಗಲಾಗದವರು ಇಲ್ಲಿಂದಲೇ ಮುಖ್ತಾರುನಾಮೆ ಕಳಿಸಬಹುದು. ಅದಕ್ಕೆ ಅಪೋಸ್ಟಿಲ್ ಮುದ್ರೆ, ಅಧಿಕೃತ ಸ್ಪ್ಯಾನಿಷ್ ಅನುವಾದ ಎರಡೂ ಬೇಕು.

ಬೆಲೆಯ ಮೇಲಿನ ಖರ್ಚು, ಇಲ್ಲಿಂದ ಹೋಗುವ ಹಣ

ಆಂಡಲೂಸಿಯಾದಲ್ಲಿ ಹಳೆಯ ಮನೆಗೆ ವರ್ಗಾವಣೆ ತೆರಿಗೆ ಶೇ. 7, ಹೊಸ ಮನೆಗೆ ಶೇ. 10 ವ್ಯಾಟ್, ಜೊತೆಗೆ ಮುದ್ರಾಂಕ ಶುಲ್ಕ. ಪ್ರದೇಶ ಬದಲಾದರೆ ದರವೂ ಬದಲಾಗುತ್ತದೆ. ನೋಟರಿ, ನೋಂದಣಿ, ವಕೀಲರ ಶುಲ್ಕ ಸೇರಿಸಿ ಬೆಲೆಯ ಮೇಲೆ ಶೇ. 10ರಿಂದ 12ರಷ್ಟು ಕೈಯಲ್ಲಿರಲಿ.

ಭಾರತದಲ್ಲಿ ನೆಲೆಸಿರುವವರು ಉದಾರೀಕೃತ ರವಾನೆ ಯೋಜನೆಯಡಿ ಒಬ್ಬರಿಗೆ ಒಂದು ಆರ್ಥಿಕ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಕಳಿಸಬಹುದು. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಬ್ಯಾಂಕು ಶೇ. 20ರಷ್ಟು ಟಿ.ಸಿ.ಎಸ್. ಎಂಬ ಮುಂಗಡ ತೆರಿಗೆ ಹಿಡಿಯುತ್ತದೆ. ಯೂರೋಗೆ ನೂರು ರೂಪಾಯಿ ಎಂದು ಲೆಕ್ಕ ಹಿಡಿದರೆ, ಎರಡು ಲಕ್ಷ ಯೂರೋ ಮನೆಗೆ ಎರಡು ಕೋಟಿ ಕಳಿಸುವವರು ಇನ್ನೂ 38 ಲಕ್ಷ ಹೊಂದಿಸಿಕೊಳ್ಳಬೇಕು. ರಿಟರ್ನ್ ಸಲ್ಲಿಸಿದಾಗ ಅದು ತೆರಿಗೆಗೆ ವಜಾ ಆಗುತ್ತದೆ ಅಥವಾ ವಾಪಸು ಬರುತ್ತದೆ, ಅಲ್ಲಿಯವರೆಗೆ ಮಾತ್ರ ಕೈಗೆ ಸಿಗದು. ಮನೆಯನ್ನು ಪ್ರತಿವರ್ಷ ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ತೋರಿಸಲೇಬೇಕು. ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡಕ್ಕೆ ಅವಕಾಶವಿದೆ.

ಬೀಗ ಹಾಕಿದ ಮನೆಗೂ ತೆರಿಗೆ

ಮನೆಯನ್ನು ಬಾಡಿಗೆಗೆ ಕೊಡದೆ ಖಾಲಿ ಬಿಟ್ಟರೂ ಅದರಿಂದ ಆದಾಯವಿದೆ ಎಂದೇ ಸ್ಪೇನ್ ಎಣಿಸುತ್ತದೆ. ಕಾತಾಸ್ತ್ರೋ ಮೌಲ್ಯದ ಶೇ. 1.1 ಅಥವಾ ಶೇ. 2ರಷ್ಟನ್ನು ಆದಾಯವೆಂದು ಹಿಡಿದು, ಐರೋಪ್ಯ ಒಕ್ಕೂಟದ ಆಚೆ ನೆಲೆಸಿದವರಿಂದ ಅದರ ಮೇಲೆ ಶೇ. 24 ವಸೂಲಿ ಮಾಡುತ್ತದೆ. ಮೌಲ್ಯ ಒಂದು ಲಕ್ಷ ಯೂರೋ ಇದ್ದರೆ ವರ್ಷಕ್ಕೆ 264 ಅಥವಾ 480 ಯೂರೋ. ಪುರಸಭೆಯ ಆಸ್ತಿ ತೆರಿಗೆ, ಸಂಘದ ಶುಲ್ಕ, ವಿಮೆ ಬೇರೆ.

ಪ್ರವಾಸಿಗರಿಗೆ ಬಾಡಿಗೆ ಕೊಟ್ಟು ಖರ್ಚು ತೂಗಿಸೋಣ ಎಂಬ ಲೆಕ್ಕಾಚಾರ ಈಗ ನೆಚ್ಚುವಂಥದ್ದಲ್ಲ. 2025ರ ಏಪ್ರಿಲ್ 3ರಿಂದ, ಹೊಸದಾಗಿ ಪ್ರವಾಸಿ ಬಾಡಿಗೆ ಆರಂಭಿಸಲು ಕಟ್ಟಡದ ಸಂಘದಲ್ಲಿ ಐದರಲ್ಲಿ ಮೂರು ಪಾಲು ಸದಸ್ಯರ ಒಪ್ಪಿಗೆ ಬೇಕು. ಬಾರ್ಸಿಲೋನಾ ನಗರವಂತೂ 2028ರ ನವೆಂಬರ್ ಹೊತ್ತಿಗೆ ಪ್ರವಾಸಿ ಫ್ಲಾಟ್‌ಗಳ ಪರವಾನಗಿಗಳನ್ನೆಲ್ಲ ಕೊನೆಗೊಳಿಸುವುದಾಗಿ ಘೋಷಿಸಿದೆ. ಬಾಡಿಗೆ ಒಂದು ಪೈಸೆ ಬರದಿದ್ದರೂ ಸಾಕಬಲ್ಲೆ ಎನ್ನುವವರು ಮಾತ್ರ ಕೊಳ್ಳಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಉಯಿಲು

ಸ್ಪೇನಿನ ಸಾಮಾನ್ಯ ಕಾನೂನಿನಲ್ಲಿ ಆಸ್ತಿಯ ಮೂರನೇ ಎರಡು ಪಾಲು ಮಕ್ಕಳಿಗೇ ಮೀಸಲು. 2015ರ ಆಗಸ್ಟ್ 17ರಿಂದ ಜಾರಿಯಲ್ಲಿರುವ ಐರೋಪ್ಯ ನಿಯಮದಂತೆ, ತನ್ನ ಆಸ್ತಿಗೆ ತನ್ನ ಪೌರತ್ವದ ದೇಶದ ಕಾನೂನೇ ಅನ್ವಯವಾಗಲಿ ಎಂದು ಉಯಿಲಿನಲ್ಲಿ ಬರೆಯಬಹುದು. ಮನೆಯೆಲ್ಲ ಹೆಂಡತಿಗೋ ಗಂಡನಿಗೋ ಸೇರಲಿ ಎಂದು ಬಯಸುವವರು ಕ್ರಯ ಮುಗಿದ ಕೂಡಲೇ ಸ್ಪೇನಿನ ನೋಟರಿಯ ಬಳಿ ಆ ಮಾತಿರುವ ಉಯಿಲು ಮಾಡಿಸಿದರೆ ಒಳ್ಳೆಯದು. ಮಾಲೀಕರು ತೀರಿಕೊಂಡ ಆರು ತಿಂಗಳೊಳಗೆ ವಾರಸುದಾರರು ಅಲ್ಲಿ ಉತ್ತರಾಧಿಕಾರ ತೆರಿಗೆ ಕಟ್ಟಬೇಕಾಗುತ್ತದೆ. ಅದಾಗುವವರೆಗೆ ಮನೆ ಅವರ ಹೆಸರಿಗೆ ಬರುವುದಿಲ್ಲ.